ಟಾರ್ಚು ಹಿಡಿದವರ ಬಗ್ಗೆ ನಾನು ಕೊಟ್ಟ ಹೇಳಿಕೆ

ಹೋದ ತಿಂಗಳು, ಇಲ್ಲೇ ನ್ಯೂಜಿಲೆಂಡಿನ ಟೌರಂಗಾದಿಂದ, ನಮ್ಮ ಬೀದಿಯವರೊಬ್ಬರ ತಂಗಿ ಫೋನ್ ಮಾಡಿದ್ದರು. "ಅಣ್ಣ ಹ್ವಾದ್ರಿ. ಮಧ್ಯಾಹ್ನ ಉಂಡು ಮಲಗಿದವ ಏಳಲೇ ಇಲ್ಲ" ಎಂದರು. ಆಮೇಲೆ ಅವರೇ ಮೂಗು ಒರೆಸಿಕೊಂಡು, "ಕನ್ನಡ ಸಂಘದ ಪತ್ರಿಕೆಗೆ ನೀವ ನಾಕು ಸಾಲು ಬರದು ಕೊಡ್ರಿ. ಹ್ಯಾಮಿಲ್ಟನ್ನಿನ್ಯಾಗ ಅವನ್ನ ದಿನಾ ನೋಡಿದವರು ನೀವ" ಎಂದರು.

ದಿನಾ ನೋಡಿದ್ದು ನಿಜ. ಯಾಕೆ ಅಷ್ಟು ನೋಡುತ್ತಿದ್ದೆ ಎಂಬುದು ತಂಗಿಗೆ ಗೊತ್ತಿಲ್ಲ.

ನಾಲ್ಕು ಸಾಲು ಬರೆದು ಕಳಿಸಿದೆ. ಮೃದು ಮಾತಿನವರು, ಕರೆದರೆ ಬರುವವರು, ಇತ್ಯಾದಿ. ಯಾವುದೂ ಸುಳ್ಳಲ್ಲ. ಆದರೆ ಅವರ ಬಗ್ಗೆ ನಾನು ಬಹಳ ಹಿಂದೆ ಇನ್ನೊಂದು ಹೇಳಿಕೆ ಕೊಟ್ಟಿದ್ದೆ, ನಮ್ಮ ಊಟದ ಮೇಜಿನ ಮುಂದೆಯೇ ಕೂತು. ಅದನ್ನು ಬಿಟ್ಟು ಅವರನ್ನು ಬರೆದರೆ ನನಗೆ ಸಮಾಧಾನವಿಲ್ಲ. ಹೆಸರು ಹಾಕುವುದಿಲ್ಲ. ಪೊಲೀಸು, ಲೈಸೆನ್ಸು ಎಂಬ ಮಾತುಗಳ ಪಕ್ಕದಲ್ಲಿ ತಮ್ಮ ಹೆಸರು ಕಾಣುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ನಮ್ಮದೇ ಬೀದಿಯಲ್ಲಿ ಮೂರನೇ ಮನೆ ಅವರದು. ವಿಜಯಪುರದ ಕಡೆಯವರು. ನಾನು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಪಾಯಿಂಟ್‌ಮೆಂಟ್ ಬರೆಯುವವಳು. ಅವರು ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರ ಪಕ್ಕ ನಿಂತು ಯಂತ್ರ, ಟ್ಯೂಬು, ಸಿರಿಂಜು ಹೊಂದಿಸಿಕೊಡುವವರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು. ನಾನು 'ಸರ್' ಎನ್ನುತ್ತಿದ್ದೆ.

ಮನೆಗೆ ಬಂದರೆ ನೇರ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲ ಹತ್ತಿರ ನಿಂತು ನಡುಮನೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡುವರು. ಮೊದಲ ಸಲ ನನಗೆ ಕಸಿವಿಸಿಯಾಯಿತು. ಹೊಸ ಟಿ.ವಿ. ತಂದಿದ್ದೆವು.

"ಬನ್ನಿ ಸರ್, ಯಾಕೆ ನಿಂತುಬಿಟ್ರಿ?"

"ಒಂದ್ ನಿಮಿಷ ಅಕ್ಕಾರ. ಕಣ್ಣು ಇನ್ನೂ ಹೊರಗ ಅದಾವು."

ಬಿಸಿಲಿನಿಂದ ನೆರಳಿಗೆ ಬಂದಾಗ ಕಣ್ಣಿಗೆ ಸಮಯ ಬೇಕು ಎಂಬುದು ಅವರ ಮಾತಿನ ಅರ್ಥ. ಆಗ ನನಗೆ ತಿಳಿದದ್ದು, ಈ ಮನುಷ್ಯ ಎಲ್ಲರ ಮನೆಯನ್ನೂ ಅಳೆಯುತ್ತಾನೆ ಎಂದು.

ಒಂದು ವರ್ಷ ಗಣೇಶನ ಹಬ್ಬಕ್ಕೆ ಬಾಡಿಗೆಗೆ ಹಿಡಿದಿದ್ದ ಸಭಾಂಗಣದಲ್ಲಿ ಕರೆಂಟು ಹೋಯಿತು. ನೂರು ಜನ, ಕೈಯಲ್ಲಿ ಬಿಸಿ ಸಾಂಬಾರು. ಎಲ್ಲರೂ ಮೊಬೈಲು ತೆಗೆದು ಬೆಳಕು ಹಾಕಿದರು. ಒಬ್ಬರ ಬೆಳಕು ಇನ್ನೊಬ್ಬರ ಕಣ್ಣಿಗೆ ಹೊಡೆದು, ಕತ್ತಲಲ್ಲಿ ಕಾಣುತ್ತಿದ್ದಷ್ಟೂ ಕಾಣದಂತಾಯಿತು. ಇವರು ಜೇಬಿನಿಂದ ಹೆಬ್ಬೆರಳು ಗಾತ್ರದ ಟಾರ್ಚು ತೆಗೆದು ಛಾವಣಿಗೆ ಹಿಡಿದರು. ಬಿಳಿ ಛಾವಣಿಯಿಂದ ಬೆಳಕು ಮೆತ್ತಗೆ ಇಳಿದು ಎಲ್ಲರ ಎಲೆಯೂ ಕಂಡಿತು. ಕರೆಂಟು ಬರುವ ತನಕ ಕೈ ಇಳಿಸಲಿಲ್ಲ. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಮನೆಗೆ ಬರುತ್ತಾ ಕಾರಿನಲ್ಲಿ ನಮ್ಮವರನ್ನು ಕೇಳಿದೆ: "ಹಬ್ಬಕ್ಕೆ ಬರೋವಾಗ ಯಾರಾದರೂ ಜೇಬಲ್ಲಿ ಟಾರ್ಚ್ ಇಟ್ಕೊಂಡು ಬರ್ತಾರಾ?"

"ನೀನು ಬ್ಯಾಗಲ್ಲಿ ಸೂಜಿದಾರ ಇಟ್ಕೊಂಡು ಬರ್ತೀಯಲ್ಲ" ಎಂದರು ನಮ್ಮವರು.

ಸೂಜಿದಾರ ಬೇರೆ. ಇವರ ಗ್ಯಾರೇಜಿನ ಪಕ್ಕದ ಸಣ್ಣ ಕಿಟಕಿ ನಮ್ಮ ಅಡುಗೆಮನೆಗೆ ಕಾಣುತ್ತಿತ್ತು. ಚಳಿಗಾಲದ ಸಂಜೆ, ನಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ಅಲ್ಲಿ ಬೆಳಕು ಮಿಂಚಿ ಆರುತ್ತಿತ್ತು. ಮತ್ತೆ ಕತ್ತಲು. ಎರಡು ಹೆಜ್ಜೆ ಆಚೆ ಇನ್ನೊಮ್ಮೆ ಮಿಂಚು. ನಮ್ಮವರು "ಬಲ್ಬು ಲೂಸ್ ಇರಬೇಕು ಬಿಡೇ" ಎಂದರು. ಲೂಸ್ ಬಲ್ಬು ಜಾಗ ಬದಲಾಯಿಸಿಕೊಂಡು ಮಿಣುಕುವುದಿಲ್ಲ. ಎರಡು ವಾರಕ್ಕೊಮ್ಮೆ ಹೊರಗಿಡುವ ಹಳದಿ ಮುಚ್ಚಳದ ತೊಟ್ಟಿಯಲ್ಲಿ ಕಂದು ರಟ್ಟುಗಳು ತುರುಕಿರುತ್ತಿದ್ದವು. ಎಲ್ಲ ಒಂದೇ ಮನುಷ್ಯಾಕಾರ, ಎದೆಯ ಭಾಗದಲ್ಲಿ ಪುಟ್ಟ ಪುಟ್ಟ ಗುಂಡಗಿನ ಕಾಗದ ಅಂಟಿಸಿದ್ದು. ಒಂದು ಕಾಗದವನ್ನು ಉಗುರಿನಿಂದ ಕಿತ್ತು ನೋಡಿದೆ. ಕೆಳಗೆ ತೂತು.

ಮಗಳಿಗೆ ಹೇಳಿದರೆ ನಕ್ಕಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹಿ ಈಸ್ ಜಸ್ಟ್ ಎ ಟಾರ್ಚ್ ನರ್ಡ್, ಅಮ್ಮ. ಲೀವ್ ಹಿಮ್ ಅಲೋನ್."

ಅದಕ್ಕೂ ಎರಡು ವರ್ಷ ಮೊದಲು ಅವರ ಮನೆಗೆ ಕಳ್ಳರು ನುಗ್ಗಿದ್ದರು. ಲ್ಯಾಪ್‌ಟಾಪು ಹೋಗಿತ್ತು, ಹೆಂಡತಿಯ ಕೈಗಡಿಯಾರ ಹೋಗಿತ್ತು. ಅದರ ವಿಷಯ ಎತ್ತಿದರೆ "ಹೋತು ಬಿಡ್ರಿ" ಎಂದು ಮಾತು ತಿರುಗಿಸುತ್ತಿದ್ದರು. ನಾನು ಒಂದಕ್ಕೊಂದು ಗಂಟು ಹಾಕಿದೆ: ಕಳ್ಳರು, ಟಾರ್ಚು, ತೂತಿನ ರಟ್ಟು. ಲೆಕ್ಕ ಸರಿಹೋಯಿತು.

ಹೀಗಿರುವಾಗ ಒಂದು ಭಾನುವಾರ ಅವರೇ ಬಂದು, ಹೊಸ್ತಿಲಲ್ಲಿ ನಿಂತು, ಕಣ್ಣು ಒಳಗೆ ಬಂದ ಮೇಲೆ ತಾವೂ ಬಂದು ಕೂತರು.

"ಅಕ್ಕಾರ, ಒಂದು ಉಪಕಾರ ಆಗಬೇಕು. ನಾ ಪಿಸ್ತೂಲ್ ಕ್ಲಬ್ಬಿನ ಮೆಂಬರ್ ಅದೀನಿ. ಹನ್ನೊಂದು ವರ್ಷ ಆತು. ಲೈಸೆನ್ಸ್ ಹೊಸದು ಮಾಡಸಬೇಕು. ನನ್ನ ಗುರ್ತು ಇದ್ದವರು ಇಬ್ಬರು ಬೇಕು. ಒಬ್ಬಾಕಿ ನಮ್ಮ ತಂಗಿ. ಇನ್ನೊಬ್ಬರು ಆಸ್ಟ್ರೇಲಿಯಾಕ್ಕ ಹ್ವಾದ್ರು. ನೀವು ಆಗ್ತೀರೇನು?"

ಇಲ್ಲಿ ಬಂದೂಕು ಇಟ್ಟುಕೊಳ್ಳಬೇಕೆಂದರೆ ಅಧಿಕಾರಿಗಳು ಅರ್ಜಿದಾರನನ್ನು ಮಾತ್ರ ಕೇಳುವುದಿಲ್ಲ. ಅವನನ್ನು ಬಲ್ಲವರ ಮನೆಗೆ ಬಂದು, ಕೂತು, ಇವನ ಕೈಗೆ ಬಂದೂಕು ಕೊಡಬಹುದೇ ಎಂದು ಕೇಳುತ್ತಾರೆ. ಇಲ್ಲ ಎನ್ನುವ ದಾರಿಯೇ ನನಗೆ ತೋಚಲಿಲ್ಲ. ನಾಲ್ಕು ವರ್ಷದಿಂದ ನಿಂಬೆಹಣ್ಣು ತಂದುಕೊಟ್ಟವರು. ಆದರೂ ಕೇಳಿದೆ: "ಅವರು ಬಂದರೆ ಏನು ಹೇಳಲಿ?"

"ಅದನ್ನ ನಾ ಹೇಳಿಕೊಡಬಾರದು. ಇದ್ದದ್ದು ಇದ್ದಂಗ ಹೇಳ್ರಿ."

ಅವರು ಹೋದ ಮೇಲೆ ನಮ್ಮವರು ಮೊದಲ ಸಲ ಗಂಭೀರವಾದರು. "ನೋಡೇ, ಗನ್ನಿನ ವಿಷಯ. ಕಣ್ಣಾರೆ ನೋಡದೆ ಒಪ್ಪಬೇಡ."

ಹಾಗೆ ನಾನು ಜೂನ್ ತಿಂಗಳ ಒಂದು ಸಂಜೆ ಅವರ ಜೊತೆ ಕ್ಲಬ್ಬಿಗೆ ಹೋದೆ. ಊರಾಚೆ, ಹಸುಗಳ ಹುಲ್ಲುಗಾವಲಿನ ನಡುವೆ, ಮೂರು ಕಡೆ ಮಣ್ಣಿನ ದಿಬ್ಬ. ಇಲ್ಲಿ ಜೂನ್ ಎಂದರೆ ಚಳಿಗಾಲ, ಐದೂವರೆಗೇ ಕತ್ತಲು. ಅಂದು ಮಂದಬೆಳಕಿನ ಅಭ್ಯಾಸ. ಕಲಿಯಲು ಬಂದವರು ಆರು ಜನ, ಕಲಿಸುವವರು ಇವರು. ಮೇಲುಸ್ತುವಾರಿಗೆ ಬೂಟು ಹಾಕಿದ ಇದೇ ದೇಶದ ಒಬ್ಬ ಹೆಂಗಸು. ಅವಳು ಹೇಳುವ ತನಕ ಯಾರೂ ಪಿಸ್ತೂಲಿನ ಪೆಟ್ಟಿಗೆಯ ಬೀಗ ಕೂಡ ತೆಗೆಯುವಂತಿಲ್ಲ.

ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ನಡೆಯುವ ಮನುಷ್ಯ ಅಲ್ಲಿ ಬೇರೆಯೇ ಆಗಿದ್ದರು. ದನಿ ಎತ್ತುತ್ತಿರಲಿಲ್ಲ, ಆದರೆ ಎಲ್ಲರೂ ಕೇಳುತ್ತಿದ್ದರು. ಎಡಗೈಯ ಟಾರ್ಚನ್ನು ಕೆನ್ನೆಯ ಹತ್ತಿರ ಹಿಡಿದು, ಬಲಗೈಯಲ್ಲಿ ಪಿಸ್ತೂಲು ಚಾಚಿ, ಬೆಳಕನ್ನು ಒಂದು ಕ್ಷಣ ಬಿಟ್ಟು, ಆರಿಸಿ, ಪಕ್ಕಕ್ಕೆ ಸರಿಯುವುದು. ಬೆಳಕು ಹೊತ್ತಿಸಿಕೊಂಡೇ ನಿಂತರೆ ನೀನು ನೋಡುವುದಕ್ಕಿಂತ ನಿನ್ನನ್ನು ನೋಡುವುದು ಸುಲಭ ಎಂದು ವಿವರಿಸುತ್ತಿದ್ದರು. ಕಂದು ರಟ್ಟು ಹೊಡೆಯುವಂಥದ್ದು, ಬಿಳಿ ರಟ್ಟು ಹೊಡೆಯಬಾರದ್ದು. ಎರಡನ್ನೂ ಬೆರೆಸಿ ನಿಲ್ಲಿಸಿದ್ದರು. ಗುಂಡು ಬಿದ್ದ ತೂತಿಗೆ ಗುಂಡಗಿನ ಕಾಗದ ಅಂಟಿಸಿ ಅದೇ ರಟ್ಟನ್ನು ಮತ್ತೆ ನಿಲ್ಲಿಸುತ್ತಿದ್ದರು. ಒಬ್ಬ ದಾಂಡಿಗ ಹುಡುಗಾಟದಲ್ಲಿ ಬೆಳಕು ಹಾಕುವ ಮೊದಲೇ ಟ್ರಿಗರ್ ಮೇಲೆ ಬೆರಳಿಟ್ಟ. ಇವರು ಅವನ ಕೈಯಿಂದ ಪಿಸ್ತೂಲು ಕೆಳಗಿಡಿಸಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು.

ಕೊನೆಗೆ ನನ್ನ ಕೈಗೂ ಒಂದು ಟಾರ್ಚು, ಒಂದು ನೀಲಿ ಪ್ಲಾಸ್ಟಿಕ್ಕಿನ ಆಟದ ಪಿಸ್ತೂಲು ಕೊಟ್ಟರು. "ಬಾಯಿಲೆ ಢಂ ಅನ್ರಿ, ಸಾಕು." ಬೆಳಕು ಬಿಟ್ಟೆ, ಏನೋ ನಿಂತಿತ್ತು, ಢಂ ಎಂದೆ. ಬಿಳಿ ರಟ್ಟು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

"ಅಕ್ಕಾರ, ನೀವು ನೋಡಿ ಹೊಡೀಲಿಲ್ಲ. ಹೊಡದು ನೋಡಿದ್ರಿ."

"ಕತ್ತಲೆ ಅಲ್ವಾ ಸರ್."

"ಕತ್ತಲಿ ಸುಳ್ಳು ಹೇಳೂದಿಲ್ರಿ. ಕಣ್ಣು ಹೇಳ್ತಾವು."

ನನಗೆ ಮುಖಭಂಗವಾಗಿತ್ತು. ಮಾತು ಬದಲಿಸಲು ಆ ಹೆಂಗಸಿನ ಎದುರಿಗೇ ಇಂಗ್ಲಿಷಿನಲ್ಲಿ ಕೇಳಿದೆ: "ಕಳ್ಳ ಮನೆಗೆ ಬಂದರೂ ಹೀಗೇ ಮಾಡಬೇಕು, ಅಲ್ಲವೆ?" ಅವಳ ಮುಖ ಗಟ್ಟಿಯಾಯಿತು. "ಇದು ಆಟದ ಸ್ಪರ್ಧೆ. ಇಲ್ಲಿ ಆ ಥರ ಮಾತು ಬೇಡ" ಎಂದಳು. ಇವರು ತಕ್ಷಣ ಚಹಾ ಬೇಕೇ ಎಂದು ಕೇಳಿದರು. ಇಬ್ಬರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎನಿಸಿತು ನನಗೆ.

ವಿಚಾರಿಸಲು ಬಂದವರು ತಲೆ ನರೆತ, ಸಾವಧಾನದ ಮನುಷ್ಯ. ಉಪ್ಪಿಟ್ಟು ಮಾಡಿದ್ದೆ; ಎರಡು ಚಮಚ ತಿಂದು ಚೆನ್ನಾಗಿದೆ ಎಂದರು. ಕುಡಿಯುತ್ತಾರೆಯೇ? ಇಲ್ಲ. ಸಿಟ್ಟು? ನೋಡಿಲ್ಲ. ಯಾರ ಜೊತೆಯಾದರೂ ಜಗಳ? ಇಲ್ಲ. ನಾನು ಸರಸರ ಉತ್ತರ ಕೊಡುತ್ತಿದ್ದೆ, ಪರೀಕ್ಷೆಯಲ್ಲಿ ಓದಿದ್ದೇ ಬಂದಂತೆ.

"ಅವರಿಗೆ ಪಿಸ್ತೂಲು ಯಾಕೆ ಬೇಕು ಎಂದು ನಿಮಗನಿಸುತ್ತದೆ?"

ಮೈಸೂರಿನಲ್ಲಿ ನಮ್ಮ ಮಾವನವರ ಸ್ನೇಹಿತರೊಬ್ಬರು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದಾಗ ತೋಟದ ಮನೆಗೆ ಕಳ್ಳರ ಭಯವಿದೆ ಎಂದೇ ಬರೆದಿದ್ದರು. ಅದಕ್ಕಿಂತ ಮರ್ಯಾದೆಯ ಕಾರಣ ಯಾವುದಿದೆ? ಇವರಿಗೆ ಒಳ್ಳೆಯದಾಗಲಿ ಎಂದು ನಾನು ಹೇಳಿದೆ: "ರಕ್ಷಣೆಗೆ. ಪಾಪ, ಅವರ ಮನೆಗೆ ಕಳ್ಳರು ನುಗ್ಗಿದ್ದರು. ಅದಕ್ಕೇ ಗ್ಯಾರೇಜಿನಲ್ಲಿ ಕತ್ತಲು ಮಾಡಿಕೊಂಡು, ಟಾರ್ಚು ಹಿಡಿದು ಅಭ್ಯಾಸ ಮಾಡುತ್ತಾರೆ."

ಆತನ ಪೆನ್ನು ನಿಂತಿತು. "ಹಾಗೆಂದು ಅವರೇ ನಿಮಗೆ ಹೇಳಿದ್ದಾರೆಯೇ?"

ಇಲ್ಲ ಎನ್ನಬೇಕಿತ್ತು. ಕಿಟಕಿಯಿಂದ ನೋಡಿ ಊಹಿಸಿದ್ದು ಎನ್ನಬೇಕಿತ್ತು. ಹಾಗಂದರೆ ಇವಳಿಗೆ ಅವರು ಚೆನ್ನಾಗಿ ಗೊತ್ತೇ ಇಲ್ಲ ಎಂದುಕೊಂಡಾರು ಎನಿಸಿತು. ತೊಟ್ಟಿಯಲ್ಲಿ ಕೈ ಹಾಕಿದ್ದು ಹೊರಬಿದ್ದೀತು ಎಂಬ ಅಳುಕೂ ಇತ್ತು.

"ಹೌದು, ಹೇಳಿದ್ದಾರೆ" ಎಂದೆ.

ಆತ ಬರೆದುಕೊಂಡರು. ತಟ್ಟೆಯಲ್ಲಿ ಉಪ್ಪಿಟ್ಟು ಅರ್ಧ ಉಳಿಯಿತು.

ಈ ದೇಶದಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಬೇಕು ಎಂದವರಿಗೆ ಪಿಸ್ತೂಲು ಸಿಗುವುದಿಲ್ಲ. ಕ್ಲಬ್ಬಿನ ದಿಬ್ಬದೊಳಗೆ ಗುರಿಯಾಟಕ್ಕೆ ಮಾತ್ರ, ಉಳಿದಂತೆ ಬೀಗದೊಳಗೆ. ಅದು ನನಗೆ ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಹೆಂಗಸಿನ ಮುಖ ಗಟ್ಟಿಯಾದದ್ದನ್ನು ನೋಡಿಯೂ ಗೊತ್ತಿರಲಿಲ್ಲವೇ?

ಸೆಪ್ಟೆಂಬರಿನಲ್ಲಿ ಅವರಿಗೆ ಕಾಗದ ಬಂತು. ವಿಚಾರಣೆ ಮುಗಿಯುವ ತನಕ ಲೈಸೆನ್ಸು ತಡೆಹಿಡಿಯಲಾಗಿದೆ. ಪೊಲೀಸರು ಬಂದು ಎರಡು ಪಿಸ್ತೂಲು ಒಯ್ದರು, ಹಗಲು ಹೊತ್ತಿನಲ್ಲಿ, ಬೀದಿಯವರೆಲ್ಲ ನೋಡುವ ಹಾಗೆ. ಕ್ಲಬ್ಬಿನ ಪಾಠ ನಿಂತಿತು. ಸಾಯಂಕಾಲ ಅವರು ನಮ್ಮ ಮನೆಗೆ ಬಂದರು. ಯಾವಾಗಲೂ ತರುವ ನಿಂಬೆಹಣ್ಣಿನ ಚೀಲ ಕೈಯಲ್ಲೇ ಇತ್ತು.

"ಯಾರೋ ಏನೋ ಅಂದಾರ ಅಕ್ಕಾರ. ಯಾರು ಅಂತ ಆಫೀಸಿನವರು ಹೇಳೂದಿಲ್ಲ."

"ಯಾರಿರಬಹುದು?"

"ಮತ್ಯಾರು? ನಮ್ಮ ತಂಗಿ. ಆಕಿಗೆ ಮೊದಲಿಂದ ಗನ್ ಅಂದ್ರ ಆಗೂದಿಲ್ಲ. 'ಅಣ್ಣ, ಅದನ್ನ ಬಿಡು' ಅಂತ ಹತ್ತು ವರ್ಷ ಗಂಟಲ ಹರಕೊಂಡಾಳ. ಈಗ ತನಗ ಬೇಕಾದಂಗ ಮಾಡಿಕೊಂಡ್ಳು."

ನಾನು ಚಹಾ ಮಾಡಲು ಎದ್ದು ಹೋದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸಕ್ಕರೆ ಡಬ್ಬಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

ಆಮೇಲೆ ಅವರ ಪ್ರತಿಯೊಂದು ನಡೆಯನ್ನೂ ನಾನು ಅನುಮಾನಿಸತೊಡಗಿದೆ. ನಿಂಬೆಹಣ್ಣು ತಂದರೆ, ಗೊತ್ತಾಗಿಯೇ ತಂದಿದ್ದಾರೆ. ತರದಿದ್ದರೆ, ಗೊತ್ತಾಗಿದೆ. ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿ "ಉಂಡ್ರಿ?" ಎಂದರೆ ಅದರಲ್ಲೂ ಒಂದು ಚುಚ್ಚು ಕಾಣುತ್ತಿತ್ತು. ದೀಪಾವಳಿಗೆ ಅವರು ಪ್ರತಿವರ್ಷ ಟೌರಂಗಾಕ್ಕೆ ಹೋಗುವವರು, ಆ ವರ್ಷ ಹೋಗಲಿಲ್ಲ. ಹಬ್ಬದ ದಿನ ಅವರ ತಂಗಿ ನನಗೆ ಫೋನ್ ಮಾಡಿ ಅತ್ತರು. "ನಾ ಏನ್ ಮಾಡೀನ್ರಿ? ಫೋನ್ ಎತ್ತವಲ್ಲ. ಅವಗ ನನ್ನ ಬಿಟ್ರ ಯಾರದಾರ?"

ಫೋನಿಟ್ಟು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಮೊದಲು ಆ ಆಫೀಸಿನವನಿಗೆ ಹೇಳು. ಆಮೇಲೆ ಇವರಿಗೆ" ಎಂದರು.

ಆ ನರೆತ ತಲೆಯವರಿಗೆ ಫೋನ್ ಮಾಡಿದೆ. ಸರ್ ಹಾಗೆ ನನಗೆ ಹೇಳಿರಲೇ ಇಲ್ಲ, ನಾನೇ ಊಹಿಸಿ ಹೇಳಿದ್ದು ಎಂದೆ.

"ಯಾರಾದರೂ ಹೀಗೆ ಹೇಳಿ ಎಂದು ನಿಮ್ಮನ್ನು ಕೇಳಿಕೊಂಡರೇ?"

"ಇಲ್ಲ."

"ಹಾಗಾದರೆ ಯಾವ ಸಲ ಹೇಳಿದ್ದು ನಿಜ ಎಂದು ನಾನು ತಿಳಿಯಲಿ?"

ಅನುಮಾನಿಸುವುದು ನನ್ನ ಕೆಲಸ ಎಂದುಕೊಂಡಿದ್ದೆ. ನನ್ನನ್ನೇ ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಎರಡನೆಯದು ಎಂದೆ. ಬರೆದು ಸಹಿ ಮಾಡಿ ಕಳಿಸಿ ಎಂದರು, ಕಳಿಸಿದೆ.

ಅದೇ ಸಂಜೆ ಮೂರನೇ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆಂದು. ಅವರು ಪೂರ್ತಿ ಕೇಳಿದರು.

"ತೊಟ್ಟಿಯಾಗಿನ ರಟ್ಟನೂ ನೋಡಿದ್ರಿ?"

"ನೋಡಿದೆ."

"ಕಾಗದ ಕಿತ್ತು?"

"ಕಿತ್ತು."

ಅವರು ಮುಖ ಎತ್ತಲಿಲ್ಲ. ಮೇಜಿನ ಮೇಲಿದ್ದ ಫೋನು ತೆಗೆದುಕೊಂಡು ತಂಗಿಗೆ ಹಚ್ಚಿದರು. ನಾನು ಅಲ್ಲೇ ಇದ್ದೆ. "ತಂಗಿ, ನಂದ ತಪ್ಪಾತು" ಎಂದರು. ಯಾರು, ಏನು, ಯಾವುದೂ ಹೇಳಲಿಲ್ಲ. ಆ ಕಡೆಯಿಂದ ಬೈಗುಳ ಬಂತು, ಆಮೇಲೆ ಅಳು, ಆಮೇಲೆ ಚಕ್ಕುಲಿ ಕಳಿಸಲೋ ಎಂಬ ಪ್ರಶ್ನೆ. ಫೋನಿಟ್ಟು ನನ್ನ ಕಡೆ ತಿರುಗಿ, "ಹೋಗಿ ಬರ್ರಿ ಅಕ್ಕಾರ" ಎಂದರು. ಸಿಟ್ಟಿನಲ್ಲೋ, ಸಮಾಧಾನದಲ್ಲೋ ತಿಳಿಯಲಿಲ್ಲ. ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ.

ಬಂದದ್ದು ಜನವರಿಯಲ್ಲಿ. ನಮ್ಮವರು ಕೆಲಸಕ್ಕೆ ಹೋಗಿದ್ದರು, ಮಗಳು ಈಜಲು ಹೋಗಿದ್ದಳು. ಅವರ ಕೈಯಲ್ಲಿ ಒಂದು ಲಕೋಟೆ.

"ಲೈಸೆನ್ಸ್ ವಾಪಸ್ ಬಂತು. ನೀವು ಬರದು ಕೊಟ್ಟದ್ದನ್ನ ನಂಬ್ಯಾರ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಏನೇನೋ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಕೂಡ್ರಿ. ನೀವು ಮೊದಲನೇ ಸಲ ಹೇಳಿದ್ದ ಖರೇ."

ನನಗೆ ಅರ್ಥವಾಗಲಿಲ್ಲ.

"ನಿಮಗ ನಾ ಹೇಳಿದ್ದಿಲ್ಲ, ಅದು ಖರೇ. ಆದ್ರ ನೀವು ತಿಳಕೊಂಡದ್ದು ತಪ್ಪಲ್ಲ. ಕಳ್ಳರು ಬಂದು ಹ್ವಾದಮ್ಯಾಲ ನಾ ಗ್ಯಾರೇಜಿನ್ಯಾಗ ಮಾಡ್ತಿದ್ದದ್ದು ಕಾಂಪಿಟೀಶನ್ನಿನ ತಯಾರಿ ಅಲ್ಲ. ಆಕಿ ವಾಚ್ ಒಯ್ದಾರಲ್ಲ, ಅವರು ಮತ್ತ ಬರ್ತಾರ ಅಂತ. ಬರಲಿ ಅಂತ."

ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು.

"ನಿಮ್ಮನ್ನ ಕೇಳಾಕ ಬರೂಕಿಂತ ಮೊದಲಿನ ಚಳಿಗಾಲದಾಗ ಒಂದಿನ ಗ್ಯಾರೇಜಿನ ಬಾಜೂ ಬಾಗಲಾ ತಗೀತು. ನಾ ತಿರುಗಿದೆ. ಪಿಸ್ತೂಲ್ ಖಾಲಿ ಇತ್ತು, ನಾನ ತಗದು ನೋಡಿದ್ದೆ. ಬೆಳಕು ಬಿಟ್ಟೆ. ನಿಮ್ಮ ಮಗಳು. ನಾ ಕೊಟ್ಟ ನಿಂಬಿ ಉಪ್ಪಿನಕಾಯಿ ಡಬ್ಬಿ ವಾಪಸ್ ಕೊಡಾಕ ಬಂದಿದ್ದಳು. ಬೆಳಕಿಗೆ ಕಣ್ಣು ಮುಚ್ಚಿಕೊಂಡು ನಗತಿದ್ದಳು. ಆಕಿಗೆ ಟಾರ್ಚ್ ಬಿಟ್ಟು ಏನೂ ಕಂಡಿಲ್ಲ." ಅವರು ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು. "ಬೆಳಕು ಬೀಳೂಕಿಂತ ಮೊದಲ ಇದು ಟ್ರಿಗರ್ ಒತ್ತಿತ್ತು, ಅಕ್ಕಾರ. ಟಿಕ್ ಅಂತು."

ನನ್ನ ಮಗಳು ಆ ದಿನ ಮನೆಗೆ ಬಂದು ಏನು ಹೇಳಿದ್ದಳು? ಏನೂ ಹೇಳಿರಲಿಲ್ಲ. ಡಬ್ಬಿ ಕೊಟ್ಟೆ ಎಂದಿದ್ದಳು.

"ಇದೆಲ್ಲ ಗೊತ್ತಿದ್ದುಕೊಂಡು ನನ್ನನ್ನು ಕೇಳೋಕೆ ಬಂದ್ರಾ? ನನ್ನನ್ನೇ?"

"ಬಂದೆ. ನೀವು ಬ್ಯಾಡ ಅಂತೀರಿ ಅನ್ಕೊಂಡಿದ್ದೆ. ನೀವು ಎಲ್ಲಾರನ್ನೂ ಸಂಶಯದಲೆ ನೋಡಾವ್ರು. ನೀವ ಬ್ಯಾಡ ಅಂದ್ರ ಬಿಟ್ಟುಬಿಡೂದು ಅಂತ. ನನಗ ನಾನ ಬಿಡೂದು ಆಗಲಿಲ್ಲ."

ಎಂಥ ಮನುಷ್ಯ! ನನ್ನ ಅನುಮಾನವನ್ನು ನಂಬಿಕೊಂಡು ಬಂದಿದ್ದರು. ನಾನೋ ದಾಕ್ಷಿಣ್ಯಕ್ಕೆ ಆಗಲಿ ಎಂದೆ, ಉಪ್ಪಿಟ್ಟು ಮಾಡಿದೆ. ಸಿಟ್ಟು ಬಂತು, ಭಯವಾಯಿತು, ಅವರ ಮುಖ ನೋಡಿದರೆ ಎರಡನ್ನೂ ಆಡಿ ತೋರಿಸಲು ಆಗಲಿಲ್ಲ.

"ಈಗ ಮತ್ತೆ ಲೈಸೆನ್ಸ್ ಬಂದಿದೆ ಅಂತೀರಲ್ಲ" ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

"ಮುಂಜಾನೆ ಪಿಸ್ತೂಲ್ ವಾಪಸ್ ತರಾಕ ಸ್ಟೇಶನ್ನಿಗೆ ಹ್ವಾದೆ. ತರಲಿಲ್ಲ. ಎರಡೂ ಅಲ್ಲೇ ಬರದು ಕೊಟ್ಟೆ. ಲೈಸೆನ್ಸೂ ಕೊಟ್ಟೆ. ಕ್ಲಬ್ಬಿನ್ಯಾಗ ಇನ್ನ ಮ್ಯಾಲ ನೀಲಿ ಪ್ಲಾಸ್ಟಿಕ್ ಹಿಡದು ಪಾಠ ಮಾಡ್ತೀನಿ."

ಹೇಳುವುದೊಂದು, ಮಾಡುವುದೊಂದು ಇರಬಹುದಲ್ಲ? ನಾಳೆ ಹೋಗಿ ಬೇರೆ ತಂದರೆ? ನಾನು ಬಾಯಿ ಬಿಡಲಿಲ್ಲ, ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಲಕೋಟೆಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

"ಒಪ್ಪಿಸಿದ್ದಕ್ಕ ರಸೀದಿ ಕೊಟ್ಟಾರ. ಓದ್ರಿ. ನಿಮ್ಮ ಸಲುವಾಗೇ ತಂದೀನಿ."

ಬೇಡ ಸರ್, ನಂಬಿದ್ದೇನೆ ಎನ್ನಬಹುದಿತ್ತು. ಒಳಗೆ ಹೋಗಿ ಕನ್ನಡಕ ತಂದು, ಕೂತು, ಎರಡು ಪಿಸ್ತೂಲುಗಳ ನಂಬರು, ಸಹಿ, ಮೊಹರು, ಎಲ್ಲವನ್ನೂ ಮೊದಲಿಂದ ಕೊನೆಯ ತನಕ ಓದಿದೆ. ಅವರು ಅವಸರ ಮಾಡಲಿಲ್ಲ.